ಕಸದ ಜಾಗ ಆರಿಸುವಾಗ ನೆಲ ನೋಡಿ, ನೀರು ನೋಡಿ



ನಿಮ್ಮ ಮನೆ ತಿಪ್ಪೆ ಎಲ್ಲಿದೆ ಅಂತ ಒಂದು ಸಲ ನೆನಪು ಮಾಡಿಕೊಳ್ಳಿ. ಹಿತ್ತಲಲ್ಲೋ, ಹೊಲದ ಬದುವಿನ ಹತ್ತಿರವೋ ಇರುತ್ತದೆ. ಕುಡಿಯೋ ನೀರಿನ ಬಾವಿ ಪಕ್ಕ ತಿಳಿದವರು ತಿಪ್ಪೆ ಹಾಕಲ್ಲ. ಮಳೆ ಬಂದರೆ ಕೊಳೆನೀರು ಮನೆಯೊಳಗೆ ಹರಿದು ಬರೋ ಕಡೆಗೂ ಹಾಕಲ್ಲ. ಇದನ್ನು ನಾವು ಪುಸ್ತಕ ಓದಿ ಕಲಿತಿಲ್ಲ. ಅತ್ತೆ, ಅವ್ವ ಮಾಡಿದ್ದನ್ನು ನೋಡಿ ಕಲಿತಿದ್ದೇವೆ.

ಒಂದು ಮನೆ ತಿಪ್ಪೆಗೆ ಇಷ್ಟು ಯೋಚನೆ ಮಾಡುವ ನಾವು, ಇಡೀ ಊರಿನ ಕಸದ ಜಾಗದ ಮಾತು ಬಂದಾಗ ಮಾತ್ರ "ಊರ ಹೊರಗೆ ಎಲ್ಲಾದ್ರೂ ಖಾಲಿ ಜಾಗ ಐತೇನು?" ಅಂತ ಒಂದೇ ಪ್ರಶ್ನೆ ಕೇಳಿ ಸುಮ್ಮನಾಗುತ್ತೇವೆ. ಖಾಲಿ ಇದ್ದ ಮಾತ್ರಕ್ಕೆ ಆ ಜಾಗ ಕಸಕ್ಕೆ ಯೋಗ್ಯ ಅಂತ ಅಲ್ಲ. ಅಲ್ಲಿನ ನೆಲ ಭಾರ ಹೊರುತ್ತದೆಯೇ, ಅಲ್ಲಿನ ನೀರು ಯಾವ ಕಡೆ ಹರಿಯುತ್ತದೆ ಎಂಬುದನ್ನು ನೋಡಬೇಕು. ಈ ತಿಂಗಳ ಪಾಠ ಇದೇ.

ಈ ಪಾಠ ನಮಗೆ ಯಾಕೆ?

ಇಂದು ಕರ್ನಾಟಕದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಮನೆ ಮನೆಯಿಂದ ಕಸ ಎತ್ತುವ, ಹಸಿ ಕಸ ಒಣ ಕಸ ಬೇರೆ ಮಾಡುವ ಕೆಲಸವನ್ನು ಸ್ವಸಹಾಯ ಸಂಘದ ಮಹಿಳೆಯರ ಒಕ್ಕೂಟಗಳೇ ನಡೆಸುತ್ತಿವೆ. ಕಸದ ಗಾಡಿ ಓಡಿಸುವವರೂ ಹೆಣ್ಣುಮಕ್ಕಳೇ ಇದ್ದಾರೆ. ಕಸ ಎತ್ತುವುದು ನಮ್ಮ ಕೈಯಲ್ಲಿ ಇರುವಾಗ, ಉಳಿದ ಕಸ ಎಲ್ಲಿಗೆ ಹೋಗಬೇಕು ಎಂದು ಹೇಳುವ ಹಕ್ಕೂ ನಮಗೆ ಇರಬೇಕಲ್ಲವೇ?

ಇನ್ನೊಂದು ಕಾರಣವೂ ಇದೆ. ಯಶವಂತನಗರ ಇರುವುದು ಸಂಡೂರು ಸೀಮೆಯಲ್ಲಿ. ಸುತ್ತ ಗುಡ್ಡ, ಗುಡ್ಡದ ಮೈಮೇಲೆ ಗಣಿ, ಗಣಿ ಪಕ್ಕ ತೋಡಿ ಹಾಕಿದ ಮಣ್ಣಿನ ರಾಶಿ, ಕೆಳಗೆ ಹಳ್ಳ, ಹಳ್ಳದ ದಂಡೆಗೆ ಹೊಲ. ಇಂಥ ಕಡೆ ಮೇಲೆ ಇಟ್ಟದ್ದು ಒಂದಲ್ಲ ಒಂದು ದಿನ ಕೆಳಗೆ ಇಳಿಯಲು ನೋಡುತ್ತದೆ. ಬಯಲು ಸೀಮೆಯವರಿಗಿಂತ ನಾವು ಹೆಚ್ಚು ಎಚ್ಚರ ಇರಬೇಕು.

ಪಚ್ಚನಾಡಿಯಲ್ಲಿ ಏನಾಯಿತು?

ಮಂಗಳೂರು ನಗರದ ಕಸವನ್ನು ಬಹಳ ವರ್ಷಗಳಿಂದ ಪಚ್ಚನಾಡಿ ಎಂಬಲ್ಲಿ ಎತ್ತರದ ಜಾಗದಲ್ಲಿ ಸುರಿಯುತ್ತಿದ್ದರು. ಕೆಳಗೆ ತಗ್ಗಿನಲ್ಲಿ ಮಂದಾರ ಎಂಬ ಪ್ರದೇಶ. ಅಲ್ಲಿ ಮನೆಗಳು, ತೆಂಗು ಅಡಿಕೆ ತೋಟಗಳು, ಬಾವಿಗಳು ಇದ್ದವು. ವರ್ಷ ವರ್ಷಕ್ಕೂ ಮೇಲಿನ ರಾಶಿ ಬೆಳೆಯಿತು.

2019ರ ಆಗಸ್ಟ್ ತಿಂಗಳಲ್ಲಿ ಜೋರು ಮಳೆ ಹಿಡಿಯಿತು. ನೀರು ಕುಡಿದ ಕಸದ ಗುಡ್ಡ ಸರಿಯಲು ಶುರುವಾಯಿತು. ಕೆಸರಿನ ಹಾಗೆ ನಿಧಾನವಾಗಿ ಕೆಳಗೆ ಹರಿದು ಎಕರೆಗಟ್ಟಲೆ ತೋಟವನ್ನು ಮುಚ್ಚಿತು, ಮನೆಗಳನ್ನು ನುಂಗಿತು. 20ಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಬೇರೆ ಕಡೆ ಹೋಗಬೇಕಾಯಿತು. ನಿಧಾನವಾಗಿ ಸರಿದಿದ್ದರಿಂದ ಜನರಿಗೆ ಹೊರಡಲು ಸಮಯ ಸಿಕ್ಕಿತು. ಆದರೆ ಬಾವಿ ನೀರು, ತೋಟ, ಮನೆ ಹೋಯಿತು. ವಿಷಯ ಹೈಕೋರ್ಟ್ ತನಕ ಮುಟ್ಟಿತು.

ಅಲ್ಲಿ ಭೂಕಂಪ ಆಗಿರಲಿಲ್ಲ. ಇಳಿಜಾರು, ಎತ್ತರದ ರಾಶಿ, ಮಳೆ ನೀರು ಈ ಮೂರೇ ಸಾಕಾದವು. ಇಂಥ ರಾಶಿಯ ಕೆಳಗೆ ಭೂಮಿಯೂ ನಡುಗಿದರೆ ಏನಾದೀತು, ನೀವೇ ಯೋಚಿಸಿ.

ರಾಶಿ ಯಾಕೆ ಜಾರುತ್ತದೆ? ಮೊರದಲ್ಲೇ ನೋಡಿ

ಮುಂದಿನ ಸಭೆಗೆ ಒಂದು ಮೊರ, ಎರಡು ಸೇರು ಜೋಳ, ಒಂದು ಪ್ಲಾಸ್ಟಿಕ್ ಹಾಳೆ ತನ್ನಿ. ಎಲ್ಲರೂ ಕೂತು ಹೀಗೆ ಮಾಡಿ ನೋಡಿ.

1. ಮೊರದ ನಡುವೆ ಜೋಳ ರಾಶಿ ಹಾಕಿ. ಮಟ್ಟಸವಾಗಿ ಹಿಡಿದರೆ ರಾಶಿ ನಿಲ್ಲುತ್ತದೆ.
2. ಮೊರವನ್ನು ಸ್ವಲ್ಪ ಸ್ವಲ್ಪವೇ ವಾಲಿಸಿ. ಒಂದು ಹಂತದ ತನಕ ತಡೆಯುತ್ತದೆ, ಆಮೇಲೆ ಒಮ್ಮೆಲೇ ಜಾರುತ್ತದೆ.
3. ಈಗ ಮೊರದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಜೋಳ ಹಾಕಿ ವಾಲಿಸಿ. ಮೊದಲಿಗಿಂತ ಬೇಗ ಜಾರುತ್ತದೆ.
4. ಕೊನೆಗೆ ಜಾರದಷ್ಟೇ ವಾಲಿಸಿ ಹಿಡಿದು, ಮೊರದ ಅಂಚಿಗೆ ಕೈಯಿಂದ ತಟ್ಟಿ. ನಿಂತಿದ್ದ ರಾಶಿ ಸರಿಯುತ್ತದೆ.

ವಾಲಿದ ಮೊರ ಅಂದರೆ ಇಳಿಜಾರು ನೆಲ. ತಟ್ಟಿದ್ದು ಭೂಕಂಪ, ಇಲ್ಲವೇ ಹತ್ತಿರದಲ್ಲಿ ಸಿಡಿಸುವ ಸಿಡಿಮದ್ದು. ಕೈ ತಟ್ಟಿದ್ದರಿಂದಲೇ ರಾಶಿ ಬಿತ್ತು ಅಂತ ಅನ್ನಿಸುತ್ತದೆ. ಆದರೆ ಮೊರ ಮಟ್ಟಸ ಇದ್ದಾಗ ಅಷ್ಟೇ ತಟ್ಟಿ ನೋಡಿ, ರಾಶಿ ನಿಂತೇ ಇರುತ್ತದೆ. ಸರಿಯಿಲ್ಲದ ಜಾಗದಲ್ಲಿ ನಿಂತ ರಾಶಿಗೆ ಸಣ್ಣ ನೂಕು ಸಾಕು.

ಇನ್ನು ನೀರು. ಒಣ ಕಸಕ್ಕಿಂತ ನೆನೆದ ಕಸ ಬಹಳ ಭಾರ. ಅಲ್ಲದೆ ಒಳಗೆ ತುಂಬಿದ ನೀರು ಕಸವನ್ನೂ ಮಣ್ಣನ್ನೂ ಒಂದಕ್ಕೊಂದು ಹಿಡಿಯಲು ಬಿಡದೆ ದೂರ ತಳ್ಳುತ್ತದೆ. ಆದ್ದರಿಂದ ರಾಶಿ ಬೀಳುವುದು ಹೆಚ್ಚಾಗಿ ಮಳೆಗಾಲದಲ್ಲೇ.

ನೆಲಕ್ಕೆ ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಒಂದನೇ ಪ್ರಶ್ನೆ: ಇಳಿಜಾರು ಇದೆಯೇ? ಇಳಿಜಾರಿನ ಕೆಳಗೆ ಯಾರಿದ್ದಾರೆ?

ಪಚ್ಚನಾಡಿ ಕಲಿಸಿದ ಪಾಠ ಇದು. ಜಾಗದಲ್ಲಿ ನಿಂತು ಕೆಳಗೆ ನೋಡಿ. ಮನೆ, ಶಾಲೆ, ಅಂಗನವಾಡಿ, ಬಾವಿ, ದನದ ಕೊಟ್ಟಿಗೆ ಕಂಡರೆ ಆ ಜಾಗ ಬೇಡ.

ನಮ್ಮ ಗುಡ್ಡಗಳ ಕಲ್ಲನ್ನೂ ಗಮನಿಸಬೇಕು. ಸಂಡೂರಿನ ಕಬ್ಬಿಣದ ಕಲ್ಲು ಹಂಪಿಯ ಗುಂಡುಕಲ್ಲಿನ ಹಾಗೆ ಒಂದೇ ಮುದ್ದೆ ಅಲ್ಲ, ಪದರ ಪದರವಾಗಿ ಇದೆ. ತಟ್ಟೆಯಲ್ಲಿ ಜೋಳದ ರೊಟ್ಟಿ ಒಂದರ ಮೇಲೊಂದು ಇಟ್ಟ ಹಾಗೆ. ತಟ್ಟೆ ವಾಲಿದರೆ ಮೇಲಿನ ರೊಟ್ಟಿ ಸರಿಯುತ್ತದೆ. ಕಲ್ಲಿನ ಪದರವೂ ಕಣಿವೆ ಕಡೆಗೆ ವಾಲಿದ್ದರೆ, ಮೇಲೆ ಭಾರ ಹೇರಿದಾಗ ಹಾಗೇ ಸರಿಯಬಹುದು.

ಎರಡನೇ ಪ್ರಶ್ನೆ: ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ?

ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಆಬರ್‌ಫಾನ್ ಎಂಬ ಊರು. ಕಲ್ಲಿದ್ದಲು ಗಣಿಯ ಊರು. ಗಣಿಯ ತ್ಯಾಜ್ಯವನ್ನು ಊರ ಮೇಲಿನ ಗುಡ್ಡದಲ್ಲಿ ರಾಶಿ ಹಾಕುತ್ತಿದ್ದರು. ಆ ಜಾಗದಲ್ಲಿ ನೀರಿನ ಒರತೆ ಇತ್ತು. 1966ರ ಅಕ್ಟೋಬರ್ 21ರ ಬೆಳಿಗ್ಗೆ, ಮಕ್ಕಳು ಆಗ ತಾನೇ ಶಾಲೆಗೆ ಬಂದಿದ್ದರು. ರಾಶಿ ಕುಸಿದು ಶಾಲೆಯ ಮೇಲೆ ಬಂತು. 144 ಜನ ಸತ್ತರು, ಅವರಲ್ಲಿ 116 ಮಕ್ಕಳು.

ಒಂದು ಮಾತು ನಾವು ಮರೆಯಬಾರದು. ಅದಕ್ಕೂ ಮುಂಚೆ, 1965ರಲ್ಲಿ, ಆ ಶಾಲೆಯ ಮಕ್ಕಳ ತಾಯಂದಿರು ಮೇಲಿಂದ ನೀರು ನುಗ್ಗಿ ಬರುತ್ತಿದೆ ಎಂದು ಮನವಿ ಕೊಟ್ಟಿದ್ದರು. ತಾಯಂದಿರು ಕಣ್ಣಾರೆ ಕಂಡು ಹೇಳಿದ್ದನ್ನು ಮುಂದಿನವರು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಒರತೆ ಎಲ್ಲಿದೆ, ಯಾವ ಹಳ್ಳ ಯಾವ ತಿಂಗಳು ಹರಿಯುತ್ತದೆ, ಯಾವ ಬೋರಿನ ನೀರು ಮಳೆಗಾಲದಲ್ಲಿ ಕೆಂಪಗಾಗುತ್ತದೆ, ಇದನ್ನೆಲ್ಲ ನೀರು ಹೊರುವ ಹೆಣ್ಣುಮಕ್ಕಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಬೇಸಿಗೆಯಲ್ಲಿ ಬಂದು ಜಾಗ ನೋಡಿಹೋಗುವ ಅಧಿಕಾರಿಗೆ ಒಣಗಿದ ಹಳ್ಳ ಬರೀ ತಗ್ಗಾಗಿ ಕಾಣುತ್ತದೆ. ಅದು ಹಳ್ಳ ಅಂತ ನೀವು ಹೇಳಬೇಕು.

ಮೂರನೇ ಪ್ರಶ್ನೆ: ನೆಲ ಗಟ್ಟಿಯೋ, ಮೆತ್ತಗೋ?

ಶ್ರೀಲಂಕಾದ ಕೊಲಂಬೊ ಹತ್ತಿರ ಮೀತೊಟಮುಲ್ಲ ಎಂಬಲ್ಲಿ ಜೌಗು ನೆಲದ ಮೇಲೆ ನಗರದ ಕಸ ಬೆಟ್ಟವಾಗಿ ಬೆಳೆದಿತ್ತು. 2017ರ ಏಪ್ರಿಲ್ 14, ಅವರ ಹೊಸ ವರ್ಷದ ಹಬ್ಬದ ದಿನ. ಕೆಳಗಿನ ಮೆತ್ತನೆ ನೆಲ ಭಾರ ತಡೆಯದೆ ಸರಿಯಿತು, ಕಸ ಮನೆಗಳ ಮೇಲೆ ಬಿತ್ತು. 30ಕ್ಕೂ ಹೆಚ್ಚು ಜನ ಸತ್ತರು.

ನಮ್ಮಲ್ಲಿ ಅಂಥ ಜೌಗು ಕಡಿಮೆ. ಆದರೆ ಎರೆ ಭೂಮಿ ಇದೆ, ಕೆರೆ ಅಂಗಳ ಇದೆ. ಎರೆ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಬಂದರೆ ಉಬ್ಬಿ ಮೆತ್ತಗಾಗುತ್ತದೆ. ಬಿರುಕಿನಲ್ಲಿ ಕಸದ ಕೊಳೆನೀರು ಕೆಳಗೆ ಇಳಿಯುತ್ತದೆ. ಕೆರೆ ಅಂಗಳದ ಹೂಳು ಮಣ್ಣಂತೂ ಭಾರಕ್ಕೆ ನಿಲ್ಲುವುದಿಲ್ಲ. "ಕೆರೆ ಹೇಗೂ ಬತ್ತೈತಿ, ಅಲ್ಲೇ ಹಾಕಿದ್ರಾತು" ಅನ್ನುವ ಮಾತಿಗೆ ಒಪ್ಪಬೇಡಿ. ಕೆರೆಗೆ ನೀರು ಮತ್ತೆ ಬರುತ್ತದೆ.

ನಾಲ್ಕನೇ ಪ್ರಶ್ನೆ: ನೆಲ ಅಲುಗಾಡಿದರೆ ರಾಶಿ ನಿಲ್ಲುತ್ತದೆಯೇ?

"ನಮ್ಮ ಕಡೆ ಭೂಕಂಪ ಎಲ್ಲಿ ಬರ್ತದಕ್ಕಾ?" ಅಂತ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಳ್ಳೆ ಪ್ರಶ್ನೆ. 2002ರಲ್ಲಿ ಮಾಡಿದ ದೇಶದ ಭೂಕಂಪ ನಕ್ಷೆಯಲ್ಲಿ ಬಳ್ಳಾರಿ ಸೀಮೆಯನ್ನು 2ನೇ ವಲಯದಲ್ಲಿ, ಅಂದರೆ ಆ ನಕ್ಷೆಯ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲಿ ಇಟ್ಟಿದ್ದರು. ಹೆದರಿ ಕೂರುವ ಕಾರಣ ಇಲ್ಲ. ಆದರೆ ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತ ಅಲ್ಲ. 1843ರ ಏಪ್ರಿಲ್ 1ರಂದು ಬಳ್ಳಾರಿ ಭಾಗದಲ್ಲೇ ಭೂಮಿ ನಡುಗಿದ ದಾಖಲೆ ಇದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆಗಿ ಸುಮಾರು 10,000 ಜನ ಸತ್ತರು. ಅದೂ ನಮ್ಮ ಹಾಗೇ ದಖ್ಖನಿನ ನೆಲ. ಗಟ್ಟಿ ನೆಲ, ಏನೂ ಆಗಲ್ಲ ಅಂತಲೇ ಅಲ್ಲಿನವರೂ ನಂಬಿದ್ದರು.

ಕಸದ ಜಾಗಕ್ಕೆ ಭೂಕಂಪ ಎರಡು ತರಹ ಕೆಡುಕು ಮಾಡುತ್ತದೆ. ಒಂದು, ರಾಶಿಯನ್ನು ಸರಿಸುತ್ತದೆ. ಇನ್ನೊಂದು, ತಳಕ್ಕೆ ಹಾಸಿದ ಹಾಳೆಯನ್ನು ಹರಿಯುತ್ತದೆ. ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ 1994ರ ಜನವರಿ 17ರ ಭೂಕಂಪದ ನಂತರ, ಸರಿಯಾಗಿ ಕಟ್ಟಿದ ಕಸದ ಜಾಗದಲ್ಲೂ ಹಾಳೆ ಹರಿದದ್ದು ಕಂಡುಬಂತು. ಹಾಳೆ ಹರಿದರೆ ಕೊಳೆನೀರು ಸದ್ದಿಲ್ಲದೆ ಬೋರಿಗೆ ಸೇರುತ್ತದೆ. ಕಣ್ಣಿಗೆ ಕಾಣುವುದಿಲ್ಲ.

ಆದ್ದರಿಂದ ನೆಲದಲ್ಲಿ ಬಿರುಕು, ಕಲ್ಲು ಎರಡು ಭಾಗವಾಗಿ ಸರಿದ ಗುರುತು ಇರುವ ಕಡೆ ಕಸದ ಜಾಗ ಮಾಡಬಾರದು. ದೊಡ್ಡ ಜಾಗ ಮಾಡುವುದಾದರೆ ಮೊದಲು ಭೂವಿಜ್ಞಾನಿಗಳಿಂದ ಪರೀಕ್ಷೆ ಮಾಡಿಸಬೇಕು. ರಾಶಿಯನ್ನು ಕಡಿದಾಗಿ ಏರಿಸದೆ ಅಗಲವಾಗಿ, ತಗ್ಗಾಗಿ, ಮೆಟ್ಟಿಲು ಮೆಟ್ಟಿಲಾಗಿ ಇಡಬೇಕು. ಗಣಿ ಸಿಡಿಮದ್ದಿನ ಅದುರು ತಾಗುವ ಜಾಗವನ್ನೂ ಬಿಡಬೇಕು.

ಹಳೇ ಗಣಿ ಗುಂಡಿಗೆ ಕಸ ಹಾಕಬಹುದೇ?

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಗುಂಡಿ ಹೇಗೂ ಇದೆ, ಕಸ ತುಂಬಿ ಮುಚ್ಚಿದರೆ ಎರಡೂ ಕೆಲಸ ಆಯ್ತು ಅನ್ನಿಸುತ್ತದೆ. ಅದು ಅಷ್ಟು ಸುಲಭ ಅಲ್ಲ. ಗಣಿ ತೋಡುವಾಗ ಸಿಡಿಮದ್ದಿಗೆ ಕಲ್ಲೆಲ್ಲ ಬಿರುಕು ಬಿಟ್ಟಿರುತ್ತದೆ. ಗುಂಡಿಯ ತಳ ಅಂತರ್ಜಲಕ್ಕೆ ಹತ್ತಿರ ಇರುತ್ತದೆ. ಮಳೆ ನೀರು ಬಂದು ನಿಲ್ಲುವುದೂ ಅಲ್ಲೇ. ಮೂರೂ ಸೇರಿದರೆ ಕೊಳೆನೀರಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಬೆಂಗಳೂರಿನ ಕಸವನ್ನು ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಹಳೇ ಕಲ್ಲು ಕ್ವಾರಿಗಳಿಗೆ ತುಂಬಿದಾಗ ಸುತ್ತಲಿನ ಹಳ್ಳಿಯವರು ನೀರು ಕೆಟ್ಟಿತು, ವಾಸನೆ ತಡೆಯಲಾಗದು ಎಂದು ಬೀದಿಗಿಳಿದರು.

ಗಣಿಯ ಮಣ್ಣಿನ ಡಂಪ್ ಮೇಲೆ ಕಸ ಹಾಕುವುದಂತೂ ಇನ್ನೂ ಅಪಾಯ. ಅದು ಸಡಿಲ ಮಣ್ಣು. ತನ್ನ ಭಾರವನ್ನೇ ಹೊರಲು ಕಷ್ಟಪಡುವ ರಾಶಿಯ ಮೇಲೆ ಇನ್ನೊಂದು ರಾಶಿ ಹೇರಿದ ಹಾಗೆ. ಮಳೆಗಾಲದಲ್ಲಿ ಈ ಡಂಪ್‌ಗಳಿಂದ ಕೆಂಪು ಮಣ್ಣು ಹರಿದು ಹಳ್ಳ, ಹೊಲ ಸೇರುವುದನ್ನು, ನಾರಿಹಳ್ಳ ಜಲಾಶಯಕ್ಕೆ ಹೂಳು ತುಂಬುವುದನ್ನು ನಾವೆಲ್ಲ ಕಂಡಿದ್ದೇವೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿತು. ಮುಂದೆ ಗಣಿ ಶುರು ಮಾಡಬೇಕಾದರೆ ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆ ಬೇಕು ಎಂದಿತು. ಡಂಪ್ ಕೆಳಗೆ ತಡೆಗೋಡೆ, ಸುತ್ತ ಕಾಲುವೆ, ಹಳ್ಳಕ್ಕೆ ಅಡ್ಡ ಚೆಕ್ ಡ್ಯಾಮ್, ಇಳಿಜಾರಿಗೆ ಗಿಡ ಇವೆಲ್ಲ ಅದರಲ್ಲಿ ಸೇರಿದವು. ಬರೀ ಮಣ್ಣಿನ ರಾಶಿಗೇ ಇಷ್ಟು ಕಾವಲು ಬೇಕಾದರೆ, ಕೊಳೆಯುವ ಕಸದ ರಾಶಿಗೆ ಎಷ್ಟು ಬೇಕು?

ಅಳತೆ ತಿಳಿದಿರಲಿ

ಘನತ್ಯಾಜ್ಯ ನಿರ್ವಹಣೆಯ 2016ರ ಕೇಂದ್ರ ನಿಯಮಗಳಲ್ಲಿ ಕಸ ಹೂಳುವ ಜಾಗಕ್ಕೆ ಹೇಳಿದ್ದ ಅಳತೆ ಹೀಗಿತ್ತು:

- ನದಿಯಿಂದ ಕನಿಷ್ಠ 100 ಮೀಟರ್ ದೂರ.
- ಕೆರೆ ಕುಂಟೆಯಿಂದ 200 ಮೀಟರ್ ದೂರ.
- ಜನವಸತಿ, ಹೆದ್ದಾರಿ, ಕುಡಿಯುವ ನೀರಿನ ಬಾವಿಯಿಂದ 200 ಮೀಟರ್ ದೂರ.
- ಕಳೆದ 100 ವರ್ಷದಲ್ಲಿ ಪ್ರವಾಹ ಬಂದ ನೆಲ ಬೇಡ.
- ಗುಡ್ಡದ ಮೇಲೆ ಕಸ ಹೂಳುವ ಜಾಗ ಮಾಡಬಾರದು, ಕೆಳಗೆ ಬಯಲಿನಲ್ಲಿ ಮಾಡಬೇಕು.
- ತಳದಲ್ಲಿ 90 ಸೆಂಟಿಮೀಟರ್ ಗಟ್ಟಿಯಾಗಿ ದಮ್ಮಸು ಮಾಡಿದ ಜೇಡಿಮಣ್ಣು, ಅದರ ಮೇಲೆ 1.5 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ. ಅಂತರ್ಜಲ ಎಷ್ಟೇ ಮೇಲೆ ಬಂದರೂ ಜೇಡಿಮಣ್ಣಿಗಿಂತ 2 ಮೀಟರ್ ಕೆಳಗೇ ಇರಬೇಕು.

ಮೀಟರ್ ಅಳೆಯಲು ಟೇಪು ಇಲ್ಲದಿದ್ದರೆ ಹೆಜ್ಜೆಯಲ್ಲಿ ಅಳೆಯಿರಿ. ಒಂದು ಹೆಜ್ಜೆ ಎರಡು ಅಡಿ ಅಂತ ಹಿಡಿದರೆ 100 ಮೀಟರಿಗೆ ಸುಮಾರು 165 ಹೆಜ್ಜೆ, 200 ಮೀಟರಿಗೆ ಸುಮಾರು 330 ಹೆಜ್ಜೆ. ನಿಯಮಗಳು ಆಗಾಗ ತಿದ್ದುಪಡಿ ಆಗುತ್ತವೆ. ಠರಾವು ಆಗುವ ಮೊದಲು ಈಗ ಜಾರಿಯಲ್ಲಿರುವ ನಿಯಮದ ಪ್ರತಿಯನ್ನು ಪಂಚಾಯಿತಿಯಲ್ಲಿ ಕೇಳಿ ಓದಿಸಿಕೊಳ್ಳಿ. ಇದು ಕನಿಷ್ಠ ಅಳತೆ ಎಂಬುದೂ ನೆನಪಿರಲಿ. ಇಳಿಜಾರು ಇದ್ದರೆ 200 ಮೀಟರ್ ಸಾಲದು. ಪಚ್ಚನಾಡಿಯ ಕಸ ಅಳತೆ ಕೇಳಿಕೊಂಡು ಹರಿಯಲಿಲ್ಲ.

ಈಗಾಗಲೇ ರಾಶಿ ಇದ್ದರೆ?

ಊರ ಪಕ್ಕ ಹಳೇ ಕಸದ ರಾಶಿಯೋ, ಮಣ್ಣಿನ ಡಂಪೋ ಇದ್ದರೆ ಮಳೆಗಾಲದಲ್ಲಿ ಈ ಲಕ್ಷಣಗಳನ್ನು ನೋಡುತ್ತಿರಿ. ನೋಡುವುದು ದೂರದಿಂದಲೇ, ರಾಶಿ ಹತ್ತಿ ಅಲ್ಲ.

- ರಾಶಿಯ ನೆತ್ತಿಯಲ್ಲಿ ಉದ್ದುದ್ದ ಬಿರುಕು.
- ಬುಡದಲ್ಲಿ ಉಬ್ಬು, ನೆಲ ಮುಂದಕ್ಕೆ ತಳ್ಳಿದ ಹಾಗೆ ಕಾಣುವುದು.
- ಮೊದಲು ಒಣಗಿದ್ದ ಕಡೆ ಹೊಸದಾಗಿ ನೀರು ಜಿನುಗುವುದು.
- ಹತ್ತಿರದ ಕಂಬ, ಬೇಲಿ, ಮರ ವಾಲುವುದು.
- ಕೆಳಗಿನ ಬಾವಿ ಅಥವಾ ಬೋರಿನ ನೀರಿನ ಬಣ್ಣ, ವಾಸನೆ ಬದಲಾಗುವುದು.

ಮೊದಲ ನಾಲ್ಕರಲ್ಲಿ ಒಂದು ಕಂಡರೂ ಮಕ್ಕಳನ್ನು, ದನಕರುಗಳನ್ನು ಆ ಕಡೆ ಬಿಡಬೇಡಿ. ಕೆಳಗಿನ ಮನೆಯವರಿಗೆ ಹೇಳಿ, ಮಳೆ ಜೋರಾದರೆ ರಾತ್ರಿ ಬೇರೆ ಕಡೆ ಮಲಗಲು ಒಪ್ಪಿಸಿ. ಪಂಚಾಯಿತಿಗೆ, ತಹಸೀಲ್ದಾರ್ ಕಚೇರಿಗೆ ಬಾಯಿಮಾತಿನಲ್ಲಷ್ಟೇ ಅಲ್ಲ, ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ನೀರು ಕೆಟ್ಟಂತೆ ಕಂಡರೆ ಪರೀಕ್ಷೆ ಆಗುವ ತನಕ ಕುಡಿಯಬೇಡಿ. ಬರೀ ಕುದಿಸಿದರೆ ಕಸದ ವಿಷ ಹೋಗುವುದಿಲ್ಲ.

ಸಣ್ಣ ರಾಶಿ, ಸಣ್ಣ ಅಪಾಯ

ಎಷ್ಟೇ ಒಳ್ಳೆ ಜಾಗ ಸಿಕ್ಕರೂ ಎಲ್ಲ ಕಸ ಒಟ್ಟಿಗೆ ಸುರಿದರೆ ಅದು ಬೆಟ್ಟ ಆಗಿಯೇ ಆಗುತ್ತದೆ. ಹಸಿ ಕಸ ತಿಪ್ಪೆಗೋ ಎರೆಹುಳು ತೊಟ್ಟಿಗೋ ಹೋಗಲಿ. ಕೊಳೆನೀರು ಹುಟ್ಟುವುದು ಮುಖ್ಯವಾಗಿ ಹಸಿ ಕಸದಿಂದ. ಕಾಗದ, ರಟ್ಟು, ಬಾಟಲಿ, ತಗಡು ಬೇರೆ ಮಾಡಿದರೆ ಮಾರಾಟಕ್ಕೆ ಬರುತ್ತದೆ, ಒಕ್ಕೂಟಕ್ಕೆ ನಾಲ್ಕು ಕಾಸೂ ಸಿಗುತ್ತದೆ. ಇಷ್ಟು ಮಾಡಿದರೆ ಹೂಳಬೇಕಾದದ್ದು ಸ್ವಲ್ಪವೇ ಉಳಿಯುತ್ತದೆ. ಅಷ್ಟಕ್ಕೆ ಹಳ್ಳಿಯಲ್ಲಿ ದೊಡ್ಡ ಗುಂಡಿ ಬೇಕಿಲ್ಲ.

ಸಂಘದ ಕೆಲಸ

1. ಸಭೆಯಲ್ಲಿ ಮೊರದ ಪ್ರಯೋಗ ಮಾಡಿ.
2. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರ ನಕ್ಷೆ ಬರೆಯಿರಿ. ಗುಡ್ಡ, ಹಳ್ಳ, ಒರತೆ, ಬಾವಿ, ಬೋರು, ಶಾಲೆ, ಗಣಿ ಗುಂಡಿ, ಡಂಪ್ ಎಲ್ಲ ಗುರುತಿಸಿ. ವಯಸ್ಸಾದ ಅಜ್ಜಿಯರನ್ನು ಕರೆದು ಹಿಂದೆ ಎಲ್ಲೆಲ್ಲಿ ನೀರು ನುಗ್ಗಿತ್ತು ಅಂತ ಕೇಳಿ.
3. ಆ ನಕ್ಷೆಯನ್ನು ಕಾಗದಕ್ಕೆ ಇಳಿಸಿ ಸಂಘದ ದಾಖಲೆಯಲ್ಲಿ ಇಡಿ.
4. ಗ್ರಾಮಸಭೆಯಲ್ಲಿ ಕಸದ ಜಾಗದ ವಿಷಯ ಬಂದಾಗ ಗುಂಪಾಗಿ ಹೋಗಿ. ನಕ್ಷೆ ತೋರಿಸಿ ನಾಲ್ಕು ಪ್ರಶ್ನೆ ಕೇಳಿ. ನೀವು ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆದರೇ ಇಲ್ಲವೇ ಅಂತ ನೋಡಿಕೊಂಡೇ ಸಹಿ ಮಾಡಿ.

ಚರ್ಚೆಗೆ ಪ್ರಶ್ನೆಗಳು

- ನಮ್ಮ ಊರಿನ ಕಸ ಈಗ ಎಲ್ಲಿ ಬೀಳುತ್ತಿದೆ? ಅದರ ಕೆಳಗೆ ಏನಿದೆ?
- ಆಬರ್‌ಫಾನಿನ ತಾಯಂದಿರ ಮನವಿಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ನಮ್ಮ ಮನವಿಗೆ ಹಾಗಾಗಬಾರದು ಅಂದರೆ ನಾವು ಏನು ಮಾಡಬೇಕು?
- ನಮ್ಮ ಊರಿಗೆ ಬೇಡವಾದ ಕಸವನ್ನು ಪಕ್ಕದ ಊರಿನ ಹಳ್ಳಕ್ಕೆ ತಳ್ಳಿದರೆ ಸರಿಯೇ?

ಸೋದರಿಯರೇ, ಮೇಲಿನವರು ಎಸೆದ ಕಸ ಕೆಳಗಿನವರ ನೀರಿಗೆ ಸೇರುತ್ತದೆ. ಕೆಳಗಿನ ಮನೆಯಲ್ಲಿ ಇರುವುದೂ ನಮ್ಮಂಥ ಒಬ್ಬ ಅಕ್ಕನೇ. ಅವಳ ಬಿಂದಿಗೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಜಾಗ ಆರಿಸೋಣ.